ವಲಸೆ ಹೋದ ಹಳೇ ಐಸ್ ಹಾಕಿ ಆಟಗಾರರ ಬಗ್ಗೆ ಬರೆಯುವವರಿಗೆ

ಬೆಂಗಳೂರಿನವರಿಗೆ ಹಾಕಿ ಅಂದರೆ ಶಾಂತಿನಗರದ ಟರ್ಫ್. ಐಸ್ ಹಾಕಿ ಆಟಗಾರರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೋ ಕ್ವಿಜ್‌ಗೋ ಬರೆಯಲು ಕೂತಾಗ ಎಡವುವುದೂ ಅದಕ್ಕೇ. ಆಟಗಾರ ವಲಸೆ ಹೋದವರಾದರೆ ಅಂಕಿಅಂಶಕ್ಕೆ ಕೈಹಾಕುವ ಮೊದಲು ಹೆಸರು, ಊರು ಇತ್ಯರ್ಥವಾಗಬೇಕು. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಷಿಕಾಗೊ ತಂಡಕ್ಕೆ ಆಡಿದ ಸ್ಟಾನ್ ಮಿಕಿಟಾ ಅವರನ್ನೇ ತೆಗೆದುಕೊಳ್ಳಿ.

ಹುಟ್ಟಿದ್ದು 1940ರ ಮೇ 20, ಸೊಕೊಲ್ಚೆ ಎಂಬ ಹಳ್ಳಿ, ಹೆಸರು ಸ್ಟಾನಿಸ್ಲಾವ್ ಗ್ವೋತ್. 1948ರಲ್ಲಿ ಕೆನಡಾದ ಸೇಂಟ್ ಕ್ಯಾಥರೀನ್ಸ್‌ನ ಬಂಧುಗಳ ಮನೆಗೆ ದತ್ತು ಹೋದ ಮೇಲೆ ಮಿಕಿಟಾ. ಎರಡೂ ಹೆಸರಲ್ಲಿ ಹುಡುಕಿ. ಹಳ್ಳಿ ಮಾತ್ರ ಇವತ್ತಿನ ನಕ್ಷೆಯಲ್ಲಿ ಸಿಗದು: ಕೆಆರ್‌ಎಸ್‌ನಲ್ಲಿ ಹಳೇ ಕನ್ನಂಬಾಡಿ ಮುಳುಗಿದ ಹಾಗೆ ಅದೂ ಲಿಪ್ಟೊವ್‌ಸ್ಕಾ ಮಾರಾ ಜಲಾಶಯದ ಪಾಲಾಗಿದೆ. ದೇಶದ ಹೆಸರು ಕೆಲವೆಡೆ ಚೆಕೊಸ್ಲೊವಾಕಿಯ, ಕೆಲವೆಡೆ ಸ್ಲೊವಾಕಿಯ ಎಂದಿರುತ್ತದೆ. 'ಈಗಿನ ಸ್ಲೊವಾಕಿಯ' ಎಂದು ಬರೆದರೆ ತಕರಾರಿಲ್ಲ.

ಆಮೇಲೆ ಅಂಕಿಅಂಶದ ಪಟ್ಟಿ. ಸೀಸನ್ ಎರಡು ವರ್ಷಕ್ಕೆ ಹರಡಿರುತ್ತದೆ. 1966-67 ಎಂದೇ ಬರೆಯಿರಿ. ಜೂನಿಯರ್ ಪಂದ್ಯಗಳನ್ನು ವೃತ್ತಿಪರ ಲೆಕ್ಕಕ್ಕೆ ಸೇರಿಸಬೇಡಿ. ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪೆಂದರೆ ಪಾಯಿಂಟನ್ನೇ ಗೋಲು ಅಂದುಕೊಳ್ಳುವುದು. ಗೋಲಿಗೆ ಮುಂಚೆ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ದಾಟಿಸಿದ ಗರಿಷ್ಠ ಇಬ್ಬರಿಗೆ ಒಂದೊಂದು ಅಸಿಸ್ಟ್. ಗೋಲು, ಅಸಿಸ್ಟ್ ಕೂಡಿಸಿದರೆ ಪಾಯಿಂಟ್. ಮಿಕಿಟಾ ಅವರದು 1,394 ಪಂದ್ಯ, 541 ಗೋಲು, 926 ಅಸಿಸ್ಟ್, 1,467 ಪಾಯಿಂಟ್. ಕೂಡಿ ನೋಡಿ, ತಾಳೆಯಾಗಬೇಕು. ಲೀಗ್ ಹಂತ ಮುಗಿದ ಮೇಲೆ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನ 155 ಪಂದ್ಯ, 150 ಪಾಯಿಂಟ್ ಇದರೊಳಗಿಲ್ಲ.

ಕೊನೆಯ ಕಾಲಮ್ಮನ್ನು ಬಹಳ ಜನ ನೋಡುವುದೇ ಇಲ್ಲ. ಅದು ಪೆನಾಲ್ಟಿ ನಿಮಿಷ, ಅಂದರೆ ಫೌಲ್‌ಗಾಗಿ ಶಿಕ್ಷೆಯಾದ ಸಮಯ. ಸಣ್ಣ ಫೌಲ್‌ಗೆ ಎರಡು ನಿಮಿಷ. ನಮ್ಮ ಮಟ್ಟಿಗೆ ಬರಹದ ಜೀವ ಇರುವುದೇ ಅಲ್ಲಿ. 1964-65ರಲ್ಲಿ ಮಿಕಿಟಾ ಅವರ ಲೆಕ್ಕ 154 ನಿಮಿಷ. ಮರುವರ್ಷ 58. 1966-67ರಲ್ಲಿ ಬರೀ 12, ಅದೂ 70 ಪಂದ್ಯಗಳಲ್ಲಿ 97 ಪಾಯಿಂಟ್ ಗಳಿಸುತ್ತಾ! ಅತಿ ಹೆಚ್ಚು ಪಾಯಿಂಟ್‌ಗೆ ಆರ್ಟ್ ರಾಸ್, ತನ್ನ ತಂಡಕ್ಕೆ ಅತಿ ಮೌಲ್ಯಯುತ ಎನಿಸಿದ ಆಟಗಾರನಿಗೆ ಹಾರ್ಟ್, ಸಭ್ಯ ಆಟಕ್ಕೆ ಲೇಡಿ ಬಿಂಗ್, ಮೂರೂ ಟ್ರೋಫಿ ಆ ಸೀಸನ್‌ನಲ್ಲಿ ಅವರಿಗೇ. ಮುಂದಿನ ಸೀಸನ್‌ನಲ್ಲೂ ಅವರಿಗೇ. ಈ ನಾಲ್ಕು ಸಾಲು ಅಕ್ಕಪಕ್ಕ ಇಟ್ಟರೆ ಸಾಕು, 'ಅದ್ಭುತ', 'ಅಪ್ರತಿಮ' ಎಂಬ ಪದಗಳ ಹಂಗು ಬೇಕಿಲ್ಲ.

ರಾಷ್ಟ್ರೀಯ ತಂಡದ ಆಟಕ್ಕೆ ಬೇರೆ ಸಾಲು ಹಾಕಿ. 1972ರ ಸೆಪ್ಟೆಂಬರ್ 30ರಂದು ಪ್ರಾಗ್‌ನಲ್ಲಿ ಚೆಕೊಸ್ಲೊವಾಕಿಯ ವಿರುದ್ಧ ಕೆನಡಾ ತಂಡವನ್ನು ಅವರೇ ಮುನ್ನಡೆಸಿದ್ದರು; 3-3ರಲ್ಲಿ ಡ್ರಾ ಆದ ಆ ಪಂದ್ಯ ಲೀಗಿನ ಮೊತ್ತದಲ್ಲಿ ಬರುವುದಿಲ್ಲ.