ಬಿಸಿಲು ಬೀಳದ ಸಂದಿಗೆ ಯಾವ ಬಳ್ಳಿ?

ಬೆಂಗಳೂರಿನ 30×40 ಅಡಿ ಸೈಟುಗಳಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಮೂರಡಿ ಸಂದಿ ಉಳಿದರೆ ಹೆಚ್ಚು. ಪಕ್ಕದ ಮನೆಯವರು ಮಹಡಿ ಎತ್ತಿದ ಮೇಲೆ ಅಲ್ಲಿಗೆ ಬಿಸಿಲೂ ಇಲ್ಲ. ಇಂಥಲ್ಲಿ ಮಲ್ಲಿಗೆ ನೆಟ್ಟರೆ ಬರೀ ಎಲೆ ಬರುತ್ತದೆ, ಹೂ ಬಿಡುವುದಿಲ್ಲ. ಬೋಗನ್‌ವಿಲ್ಲಾ, ಶಂಖಪುಷ್ಪದ ಕಥೆಯೂ ಅಷ್ಟೇ. ಅವು ಟೆರೇಸಿಗಿರಲಿ. ಕೆಳಗಿನ ಸಂದಿಗೆ ನೆರಳಲ್ಲೇ ಖುಷಿಯಾಗಿರುವ ಬಳ್ಳಿ ಹುಡುಕೋಣ.

ಮೊದಲು ಬೆಳಕು ನೋಡಿ. ಮಧ್ಯಾಹ್ನ ಲೈಟ್ ಹಾಕದೆ ಆ ಮೂಲೆಯಲ್ಲಿ ನಿಂತು ಪೇಪರ್ ಓದಿ. ಆರಾಮಾಗಿ ಓದಲು ಆದರೆ ಬಳ್ಳಿ ಬದುಕುತ್ತದೆ. ಅಕ್ಷರ ಕಾಣಲು ಕಷ್ಟವಾದರೆ ಯಾವ ಬಳ್ಳಿಯೂ ಬೇಡ, ಸುಮ್ನೆ ಗಿಡಕ್ಕೆ ಹಿಂಸೆ.

ಮನೆಯ ಉತ್ತರಕ್ಕಿರುವ ಸಂದಿಯಾದರೆ ಸ್ವಲ್ಪ ಹುಷಾರು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಉತ್ತರದ ಕಡೆ ಇರುತ್ತಾನೆ. ಹಾಗಾಗಿ ಡಿಸೆಂಬರಿನಲ್ಲಿ ತಣ್ಣಗಿದ್ದ ಜಾಗಕ್ಕೆ ಮೇ ತಿಂಗಳಲ್ಲಿ ಸುಡುಬಿಸಿಲು ಬೀಳಬಹುದು. ಆಗ ಎಳೆಬಳ್ಳಿಗೆ ಶೇಡ್‌ನೆಟ್ ಕಟ್ಟಿ.

ಆಮೇಲೆ ಬಳ್ಳಿ ಹೇಗೆ ಹಬ್ಬುತ್ತದೆ ನೋಡಿ. ಓಡಾಡುವ ದಾರಿಯಲ್ಲಿ ಅಗಲಕ್ಕೆ ಹರಡುವ ಬಳ್ಳಿ ಬೇಡ, ನೆಟ್ಟಗೆ ಮೇಲೇರುವುದು ಬೇಕು. ಗೋಡೆಗೇ ಅಂಟಿ ಹಬ್ಬುವ ಕ್ರೀಪಿಂಗ್ ಫಿಗ್ ನೋಡಲು ಚೆಂದ. ಆದರೆ ಕಿತ್ತಾಗ ಬಣ್ಣವೂ ಜೊತೆಗೆ ಬರುತ್ತದೆ. ನನಗಂತೂ ಮನೆಗೋಡೆಗೆ ಅದು ಬೇಡವೇ ಬೇಡ.

ನನ್ನ ಆಯ್ಕೆ ವೀಳ್ಯದೆಲೆ. ಮಲೆನಾಡು, ಕರಾವಳಿಯಲ್ಲಿ ಇದನ್ನು ತೋಟದ ನೆರಳಲ್ಲಿ ಅಡಿಕೆ ಮರಕ್ಕೇ ಹಬ್ಬಿಸುತ್ತಾರೆ. ಅದಕ್ಕೆ ಬೇಕಾದ್ದು ತಂಪು, ತೇವ, ಸೋಸಿ ಬರುವ ಬೆಳಕು. ನಮ್ಮ ಸಂದಿಯಲ್ಲಿ ಇರುವುದೂ ಅದೇ ಅಲ್ವಾ? ಪೂಜೆಗೆ, ತಾಂಬೂಲಕ್ಕೆ ಮನೆಯದೇ ಎಲೆ ಸಿಗುತ್ತದೆ.

ಕಾಳುಮೆಣಸೂ ಆದೀತು. ತಳಿ ಮಾತ್ರ ಕೇಳಿ ತನ್ನಿ: ಪನ್ನಿಯೂರು-1 ಜಾಸ್ತಿ ನೆರಳಲ್ಲಿ ಚೆನ್ನಾಗಿ ಬರುವುದಿಲ್ಲ, ಕರಿಮುಂಡ ತಡೆದುಕೊಳ್ಳುತ್ತದೆ. ಮನಿ ಪ್ಲಾಂಟ್ ಎಲ್ಲಕ್ಕಿಂತ ಸುಲಭ. ಆದರೆ ಅದರ ಎಲೆ ಅಗಿದರೆ ಬಾಯಿ ಉರಿಯುತ್ತದೆ. ಅಂಬೆಗಾಲಿಡುವ ಮಗು ಅಥವಾ ನಾಯಿ, ಬೆಕ್ಕು ಇರುವ ಮನೆಯಲ್ಲಿ ಕೈಗೆಟುಕುವಂತೆ ಇಡಬೇಡಿ.

ವೀಳ್ಯದೆಲೆ ನೆಡಲು ಮಳೆಗಾಲದ ಶುರು ಒಳ್ಳೆಯ ಸಮಯ. ಹನ್ನೆರಡು ಇಂಚಿನ ಕುಂಡ ತಗೊಂಡು, ತಳದಲ್ಲಿ ತೂತು ಇದೆಯಾ ನೋಡಿ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಬೆರೆಸಿ. ನಾಲ್ಕೈದು ಗೆಣ್ಣಿರುವ ಬಲಿತ ಹಂಬಿನ ತುಂಡು ತಂದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಬುಡ ಅದುಮಿ, ಗಾಳಿಗೆ ಅಲ್ಲಾಡದಂತೆ ಮಾಡಿ.

ಪಕ್ಕದಲ್ಲೇ ತೆಂಗಿನ ನಾರಿನ ಹಗ್ಗ ಸುತ್ತಿದ ಕೋಲು ನಿಲ್ಲಿಸಿ. ಚಿಗುರು ಬಂದ ಮೇಲೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತಾ ಹೋಗಿ. ಕೋಲಿಗೆ ಸುತ್ತಿದ ನಾರನ್ನು ಆಗಾಗ ಒದ್ದೆ ಮಾಡಿ. ಒಣಗಿದ ಕೋಲನ್ನು ಬಳ್ಳಿ ಹಿಡಿಯುವುದಿಲ್ಲ. ಸ್ವಲ್ಪ ದಿನಕ್ಕೆ ಒಂದೊಂದು ಗೆಣ್ಣಿನಿಂದಲೂ ಗಿಡ್ಡ ಬೇರುಗಳು ಹೊರಟು ನಾರಿನೊಳಗೆ ತೂರುತ್ತವೆ. ಬೆರಳಿಂದ ಮೆಲ್ಲಗೆ ಎಳೆದರೂ ಬಿಡುವುದಿಲ್ಲ. ಆ ಗೆಣ್ಣಿಗೆ ಇನ್ನು ಕಟ್ಟು ಬೇಡ, ಬಿಚ್ಚಿಬಿಡಿ.

ಇಂಥ ಸಂದಿಯಲ್ಲಿ ಬಳ್ಳಿ ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿಯೇ. ನೆರಳಲ್ಲಿ ಮಣ್ಣು ಬೇಗ ಒಣಗುವುದಿಲ್ಲ. ಬೆರಳು ಇಳಿಸಿ, ಮೇಲಿನ ಒಂದಿಂಚು ಒಣಗಿದ್ದರೆ ಮಾತ್ರ ನೀರು ಹಾಕಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ: ಬೇರೂ ಕೊಳೆಯುತ್ತದೆ, ಸೊಳ್ಳೆಯೂ ಆಗುತ್ತದೆ.

ಮೊದಲ ಐದಾರು ತಿಂಗಳು ಎಲೆ ಕೀಳುವ ಆಸೆ ತಡೆದುಕೊಳ್ಳಿ. ಆಮೇಲೆ ಕೆಳಗಿನ ಬಲಿತ ಎಲೆಗಳನ್ನು ತೊಟ್ಟಿನ ಸಮೇತ ಬಿಡಿಸಿಕೊಳ್ಳಿ. ಬಳ್ಳಿ ಕೋಲಿನ ತುದಿ ದಾಟಿದರೆ ಕತ್ತರಿಸಿ, ಆ ತುಂಡನ್ನೇ ಇನ್ನೊಂದು ಕುಂಡಕ್ಕೆ ನೆಡಿ.