ಸೆಂಟ್‌ಓಎಸ್ 7ರ ಜಾಗಕ್ಕೆ ಯಾವ ಲಿನಕ್ಸ್?

ಸರ್ವರ್‌ಗಳಲ್ಲಿ ಬಳಸುವ ಉಚಿತ ಲಿನಕ್ಸ್ ಆದ ಸೆಂಟ್‌ಓಎಸ್ 7ರ ಅವಧಿ 2024ರ ಜೂನ್ 30ಕ್ಕೇ ಮುಗಿದಿದೆ. ಆಮೇಲೆ ಅದಕ್ಕೆ ಉಚಿತ ಭದ್ರತಾ ಅಪ್‌ಡೇಟ್ ಇಲ್ಲ. ಕಂಪನಿಯ ಬಿಲ್ಲಿಂಗ್, ಮೇಲ್, ದಾಸ್ತಾನಿನ ಲೆಕ್ಕ ಇನ್ನೂ ಅದರ ಮೇಲೇ ಓಡುತ್ತಿದ್ದರೆ ದಯವಿಟ್ಟು ತಡಮಾಡಬೇಡಿ.

ಮೊದಲು ಸರ್ವರ್‌ನಲ್ಲಿ ಓಡುವ ಸಾಫ್ಟ್‌ವೇರ್‌ಗಳ ಪಟ್ಟಿ ಮಾಡಿ. ಯಾವ ಲಿನಕ್ಸ್‌ನ ಯಾವ ಆವೃತ್ತಿಗೆ ಬೆಂಬಲ ಕೊಡುತ್ತೀರಿ ಎಂದು ಒಬ್ಬೊಬ್ಬ ತಯಾರಕರನ್ನೂ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ಪಡೆಯಿರಿ. ಅವರು ‘ರೆಡ್ ಹ್ಯಾಟ್ 9’ (ರೆಡ್ ಹ್ಯಾಟ್ ಕಂಪನಿ ಚಂದಾಕ್ಕೆ ಕೊಡುವ ಲಿನಕ್ಸ್) ಎಂದರೆ, ಅದಕ್ಕೆ ಹೊಂದುವಂತೆಯೇ ಕಟ್ಟಿದ ಆಲ್ಮಾಲಿನಕ್ಸ್ 9, ರಾಕಿ ಲಿನಕ್ಸ್ 9 ಸಾಮಾನ್ಯವಾಗಿ ಆಗುತ್ತವೆ. ಎರಡಕ್ಕೂ 2032ರ ಮೇವರೆಗೆ ಅಪ್‌ಡೇಟ್ ಉಚಿತ. ಆದರೆ ಹೊಂದುವುದು ಬೇರೆ, ಕೆಟ್ಟಾಗ ತಯಾರಕರು ಹೊಣೆ ಹೊರುವುದು ಬೇರೆ. ರೆಡ್ ಹ್ಯಾಟ್ ಬಗೆಯದೇ ಬೇಕೆಂಬ ಕಟ್ಟುಪಾಡು ಇಲ್ಲದಿದ್ದರೆ ಡೆಬಿಯನ್ 12 (2028ರ ಜೂನ್‌ವರೆಗೆ) ಅಥವಾ ಉಬುಂಟು 24.04 (2029ರವರೆಗೆ) ಧಾರಾಳವಾಗಿ ಆಗುತ್ತದೆ. ನಿಮ್ಮ ಸಿಬ್ಬಂದಿಯ ಕೈ ಯಾವುದಕ್ಕೆ ಪಳಗಿದೆಯೋ ಅದನ್ನೇ ಹಿಡಿಯಿರಿ.

ಎರಡನೆಯದು ಪ್ರೊಸೆಸರ್. ರೆಡ್ ಹ್ಯಾಟ್ 10, ರಾಕಿ 10 ಹಳೆಯ ಯಂತ್ರಗಳಲ್ಲಿ ಬೂಟ್ ಆಗುವುದೇ ಇಲ್ಲ. ‘ಎಲ್‌ಎಸ್‌ಸಿಪಿಯು’ (lscpu) ಕಮಾಂಡ್ ಕೊಟ್ಟು, ಫ್ಲ್ಯಾಗ್‌ಗಳ ಉದ್ದನೆಯ ಸಾಲಿನಲ್ಲಿ, ಅವಕ್ಕೆ ಬೇಕಾದ ‘ಎವಿಎಕ್ಸ್2’ (avx2) ಎಂಬ ಪ್ರೊಸೆಸರ್ ಸೌಲಭ್ಯ ಇದೆಯೇ ಹುಡುಕಿ. ಇಂಟೆಲ್ ಝಿಯಾನ್ ಇ5 ವಿ2ರಲ್ಲಿ ಅದಿಲ್ಲ, ವಿ3ರಿಂದ ಇದೆ. ವರ್ಚುವಲ್ ಯಂತ್ರವಾದರೆ ಅದರೊಳಗೇ ಈ ಕಮಾಂಡ್ ಕೊಡಿ: ಪ್ರೊಸೆಸರ್ ಹೊಸದಾಗಿದ್ದರೂ ಸಿಪಿಯು ಟೈಪ್ ಹಳೆಯದಕ್ಕೆ ಹೊಂದಿಸಿದ್ದರೆ ಎವಿಎಕ್ಸ್2 ಒಳಗೆ ಕಾಣಿಸದು. ಆಲ್ಮಾ 10ರಲ್ಲಿ ಹಳೆ ಪ್ರೊಸೆಸರ್‌ಗೆಂದೇ ಪ್ರತ್ಯೇಕ ಆವೃತ್ತಿಯಿದೆ. ಆದರೂ ಹೊರಗಿನ ಪ್ಯಾಕೇಜ್‌ಗಳು ಅಲ್ಲಿ ಕೈಕೊಡಬಹುದು, ಹಳೆ ಯಂತ್ರಕ್ಕೆ 9 ಸಾಕು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಕಾಣಿಸದಿದ್ದರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ನಡೆಸುವ ಹಳೆ ರೇಡ್ ಕಾರ್ಡ್‌ಗಳಲ್ಲಿ ಹಲವಕ್ಕೆ ಬೇಕಾದ ಡ್ರೈವರ್‌ಗಳನ್ನು ರೆಡ್ ಹ್ಯಾಟ್ ತನ್ನ 8ನೇ ಆವೃತ್ತಿಯಲ್ಲೇ ತೆಗೆದುಹಾಕಿತು.

ಆಲ್ಮಾದವರ ‘ಎಲಿವೇಟ್’ ಎಂಬ ಸಾಧನದಿಂದ ಇದ್ದ ಯಂತ್ರವನ್ನೇ 7ರಿಂದ 8ಕ್ಕೆ, ಅಲ್ಲಿಂದ 9ಕ್ಕೆ ಏರಿಸಬಹುದು. ಆದರೂ ಬೇರೆ ಯಂತ್ರದಲ್ಲಿ ಹೊಸದಾಗಿ ಹಾಕಿ ಡೇಟಾ ಸಾಗಿಸುವುದೇ ಕ್ಷೇಮ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಅದರ ಡೇಟಾ ಫೋಲ್ಡರನ್ನು ಹಾಗೇ ನಕಲು ಮಾಡಲೇಬೇಡಿ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ. ಸೆಂಟ್‌ಓಎಸ್ 7ರಲ್ಲಿದ್ದದ್ದು ಅದರ 2.17ನೇ ಆವೃತ್ತಿ, 2.28ರಲ್ಲಿ ಅಕ್ಷರಗಳ ವಿಂಗಡಣೆಯ ಕ್ರಮವೇ ಬದಲಾಯಿತು. ಹಳೆ ಕ್ರಮದ ಇಂಡೆಕ್ಸ್‌ನಲ್ಲಿ (ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹೊಸ ಕ್ರಮದಿಂದ ಹುಡುಕಿದಾಗ ಇರುವ ಗ್ರಾಹಕನ ಹೆಸರೂ ಸಿಗದಿರಬಹುದು. ಒಂದೇ ಇರಬೇಕಾದ ಕೋಡ್ ಎರಡು ಸಲ ಸೇರಿಕೊಳ್ಳಬಹುದು. ಎರರ್ ಏನೂ ಬರದ ಕಾರಣ ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ಡಂಪ್ (ಡೇಟಾವನ್ನೆಲ್ಲ ಬರೆದಿಟ್ಟ ಫೈಲ್) ತೆಗೆದು ಹೊಸ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿದರೆ ಇಂಡೆಕ್ಸ್‌ಗಳು ಹೊಸದಾಗಿಯೇ ಕಟ್ಟಿಕೊಳ್ಳುತ್ತವೆ. ನಕಲು ಮಾಡಿ ಆಗಿಹೋಗಿದ್ದರೆ, ಬಳಕೆದಾರರನ್ನು ಒಳಬಿಡುವ ಮೊದಲೇ ಇಡೀ ಡೇಟಾಬೇಸ್‌ಗೆ ‘ರೀಇಂಡೆಕ್ಸ್’ (REINDEX) ಕಮಾಂಡ್ ಕೊಡಿ.