ಮಾರ್ಚ್ 31ಕ್ಕೆ ಮೂರು ಲೆಕ್ಕ: ತೆರಿಗೆ, ಬಾಡಿಗೆ, ಬಿಸಿಲು

ಪುಣೆಯಲ್ಲಿ ಸ್ವಂತ ಮನೆ ಇದ್ದವರಿಗೆ ಮಾರ್ಚ್ ತಿಂಗಳಲ್ಲಿ ಮೂರು ಕಡೆಯಿಂದ ಒತ್ತಡ. ಕಂಪನಿಯವರು ಗೃಹಸಾಲದ ಪುರಾವೆ ಕೇಳುತ್ತಾರೆ. ಪಾಲಿಕೆ ಬಾಕಿ ಘರಪಟ್ಟಿ, ಅಂದರೆ ಮನೆ ತೆರಿಗೆ, ನೆನಪಿಸುತ್ತದೆ. ಸೋಲಾರ್ ಮಾರುವವರು ‘ಮಾರ್ಚ್ ಒಳಗೆ ಹಾಕಿಸಿ, ಟ್ಯಾಕ್ಸ್ ಉಳಿಯುತ್ತದೆ’ ಎಂದು ಫೋನ್ ಮಾಡುತ್ತಾರೆ. ಮೊದಲೆರಡಕ್ಕೆ ಓಡಾಡಿ. ಮೂರನೆಯದನ್ನು ನಂಬಬೇಡಿ: ವಾಸದ ಮನೆಯ ಮೇಲೆ ಸೋಲಾರ್ ಹಾಕಿಸಿದ್ದಕ್ಕೆ ಆದಾಯ ತೆರಿಗೆಯಲ್ಲಿ ಯಾವ ಕಡಿತವೂ ಸಿಗುವುದಿಲ್ಲ. ಅವರು ಹೇಳುವ 40 ಶೇಕಡಾ ಸವಕಳಿ (ಸಾಮಗ್ರಿ ಹಳೆಯದಾದಂತೆ ಅದರ ಬೆಲೆಯನ್ನು ಖರ್ಚೆಂದು ಕಳೆಯುವುದು) ವ್ಯಾಪಾರದ ಲೆಕ್ಕಪುಸ್ತಕ ಇರುವವರಿಗೆ. ಸೋಲಾರ್‌ನಲ್ಲಿ ಲಾಭ ಇದೆ, ಆದರೆ ಅದು ಬರುವುದು ಲೈಟ್ ಬಿಲ್ಲಿನಲ್ಲಿ. ಅಲ್ಲಿಯೂ ಮಾರ್ಚ್ 31 ಒಂದು ಗಡಿ, ಹೇಗೆಂದು ಮುಂದೆ ನೋಡೋಣ.

ಮೊದಲು ಪದ್ಧತಿ ಯಾವುದೆಂದು ನೋಡಿಕೊಳ್ಳಿ

2025-26ರ ಲೆಕ್ಕ ಹಳೆಯ, 1961ರ ಕಾಯ್ದೆಯಡಿಯ ಕೊನೆಯ ವರ್ಷದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ. 2025-26ಕ್ಕೆ ಹೊಸ ಪದ್ಧತಿ ಆರಿಸಿಕೊಂಡರೆ 12 ಲಕ್ಷದವರೆಗಿನ ಆದಾಯಕ್ಕೆ, ಸಂಬಳದವರಾದರೆ 12.75 ಲಕ್ಷದವರೆಗೆ, ತೆರಿಗೆ ಬೀಳುವುದಿಲ್ಲ. ಆದರೆ ನೀವೇ ವಾಸವಿರುವ ಮನೆಯ ಸಾಲದ ಬಡ್ಡಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅಸಲಿಗೂ 80ಸಿ ಕಲಮಿನ (ಪಿಎಫ್, ಗೃಹಸಾಲದ ಅಸಲು ಮುಂತಾದವಕ್ಕೆ ಸಿಗುವ) ಕಡಿತ ಇಲ್ಲ. ಹಾಗಾಗಿ ಹೊಸ ಪದ್ಧತಿಯಲ್ಲಿರುವವರು ‘ತೆರಿಗೆ ಉಳಿಸಲು’ ಮಾರ್ಚ್‌ನಲ್ಲಿ ಗೃಹಸಾಲಕ್ಕೆ ಹೆಚ್ಚುವರಿ ಹಣ ಕಟ್ಟುವುದರಲ್ಲಿ ಅರ್ಥವಿಲ್ಲ. ಬಡ್ಡಿ ಕಡಿಮೆ ಮಾಡಲು ಕಟ್ಟುವುದಾದರೆ ಮಾತು ಬೇರೆ.

ಹಳೆಯ ಪದ್ಧತಿಯವರಿಗೆ ಎರಡು ನಿಯಮ ಎರಡು ಥರ ಓಡುತ್ತವೆ, ಎಡವುವುದೂ ಇಲ್ಲೇ. ಬಡ್ಡಿಯ 2 ಲಕ್ಷದ ಮಿತಿಗೆ ಆ ವರ್ಷಕ್ಕೆ ಸಂದ ಬಡ್ಡಿ ಸಾಕು. ಒಂದು ಕಂತು ಏಪ್ರಿಲ್‌ಗೆ ಜಾರಿದರೂ ಬಡ್ಡಿ ಈ ವರ್ಷದ್ದೇ. ಅಸಲು ಹಾಗಲ್ಲ. 80ಸಿಯ ಒಂದೂವರೆ ಲಕ್ಷದೊಳಗೆ ಬರಬೇಕಾದರೆ ಮಾರ್ಚ್ 31ರೊಳಗೆ ಹಣ ಬ್ಯಾಂಕಿಗೆ ಸೇರಿರಬೇಕು. ಕಟ್ಟುವ ಮುಂಚೆ ಸಂಬಳದ ಚೀಟಿಯಲ್ಲಿ ಪಿಎಫ್ ಎಷ್ಟು ಹೋಗಿದೆ ನೋಡಿ. ಅನೇಕರಿಗೆ ಅದರಲ್ಲೇ ಮಿತಿ ತುಂಬಿರುತ್ತದೆ.

ಗಂಡ-ಹೆಂಡತಿ ಇಬ್ಬರೂ ತಲಾ 2 ಲಕ್ಷ ಕೇಳಬೇಕೆಂದರೆ ಇಬ್ಬರ ಹೆಸರೂ ಖರೀದಿ ಕರಾರಿನಲ್ಲೂ ಇರಬೇಕು, ಸಾಲದಲ್ಲೂ ಇರಬೇಕು. ಕಂತು ಇಬ್ಬರ ಖಾತೆಯಿಂದಲೂ ಹೋಗುತ್ತಿರಬೇಕು. ಸಾಲದಲ್ಲಿ ಮಾತ್ರ ಹೆಸರಿದ್ದು ಇಂಡೆಕ್ಸ್-2ರಲ್ಲಿ (ನೋಂದಣಿ ಕಚೇರಿ ಕೊಡುವ ಖರೀದಿಯ ಸಾರಾಂಶ ಪತ್ರ) ಇಲ್ಲದಿದ್ದರೆ ಕಡಿತ ಇಲ್ಲ. ಮನೆ ಕಟ್ಟುತ್ತಿದ್ದಾಗ ಕಟ್ಟಿದ ಬಡ್ಡಿಯನ್ನು ಕೆಲಸ ಮುಗಿದ ವರ್ಷದಿಂದ ಐದು ಸಮಕಂತುಗಳಲ್ಲಿ ಪಡೆಯಬಹುದು, ಅದೂ 2 ಲಕ್ಷದ ಒಳಗೇ. ಬಿಲ್ಡರ್ ತಡಮಾಡಿ, ಸಾಲ ಪಡೆದ ವರ್ಷ ಮುಗಿದ ಮೇಲೆ ಐದು ವರ್ಷ ದಾಟಿ ಮನೆ ಮುಗಿದರೆ ಮಿತಿ 2 ಲಕ್ಷದಿಂದ 30 ಸಾವಿರಕ್ಕೆ ಇಳಿಯುತ್ತದೆ.

ಪುಣೆಯಲ್ಲೊಂದು, ಬೆಳಗಾವಿಯಲ್ಲೋ ವಿಜಯಪುರದಲ್ಲೋ ಇನ್ನೊಂದು ಮನೆ ಇದ್ದವರಿಗೆ 2025ರ ಬಜೆಟ್ ಒಂದು ತಲೆನೋವು ಕಳೆದಿದೆ. ಎರಡು ಮನೆಗಳನ್ನು ಯಾವ ಕಾರಣವನ್ನೂ ಕೊಡದೆ ಸ್ವಂತ ವಾಸದವು ಎಂದು ತೋರಿಸಬಹುದು. ಊರಿನ ಬೀಗ ಹಾಕಿದ ಮನೆಗೆ ಕಾಲ್ಪನಿಕ ಬಾಡಿಗೆ ಹಿಡಿಯಬೇಕಾಗಿಲ್ಲ.

ಬಾಡಿಗೆಗೆ ಕೊಟ್ಟ ಫ್ಲ್ಯಾಟ್

ಘರಪಟ್ಟಿಯ ದಿನಾಂಕ ನಿಜಕ್ಕೂ ಮುಖ್ಯವಾಗುವುದು ಇಲ್ಲಿ. ಬಾಡಿಗೆ ಆದಾಯದಿಂದ ಪಾಲಿಕೆಯ ತೆರಿಗೆ ಕಳೆಯಬೇಕಾದರೆ ಮಾಲೀಕರೇ, ಆ ವರ್ಷದೊಳಗೆ, ಹಣ ಕಟ್ಟಿರಬೇಕು. ಬಿಲ್ಲು ಬಂದಿದ್ದರೆ ಸಾಲದು. ಹಳೆಯ ಬಾಕಿಯನ್ನು ಈ ಮಾರ್ಚ್‌ನಲ್ಲಿ ಕಟ್ಟಿದರೆ ಅಷ್ಟೂ ಈ ವರ್ಷಕ್ಕೇ ಸಿಗುತ್ತದೆ.

ಲೆಕ್ಕ ಹೀಗೆ. ತಿಂಗಳಿಗೆ 25,000ದಂತೆ ವರ್ಷಕ್ಕೆ 3,00,000. ಕಟ್ಟಿದ ಘರಪಟ್ಟಿ 18,000 ಕಳೆದರೆ 2,82,000. ಅದರ 30 ಶೇಕಡಾ, ಅಂದರೆ 84,600 ರೂಪಾಯಿ, ರಸೀದಿ ಕೇಳದೆ ಬಿಡುತ್ತಾರೆ. ಬಣ್ಣ, ರಿಪೇರಿ ಎಲ್ಲ ಅದರಲ್ಲೇ ಬಂತು. ಉಳಿದದ್ದು 1,97,400. ಸಾಲದ ಬಡ್ಡಿ 2,40,000 ಇದ್ದರೆ 42,600 ನಷ್ಟ. ಬಾಡಿಗೆ ಮನೆಯ ಬಡ್ಡಿ ಹೊಸ ಪದ್ಧತಿಯಲ್ಲೂ ಕಳೆಯುತ್ತದೆ, ಆದರೆ ಹೀಗೆ ಉಳಿದ ನಷ್ಟವನ್ನು ಸಂಬಳದ ಎದುರು ಹಚ್ಚಲು ಅಲ್ಲಿ ಬಿಡುವುದಿಲ್ಲ. ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಹಚ್ಚಬಹುದು.

ತಿಂಗಳ ಬಾಡಿಗೆ 50,000 ದಾಟಿದ್ದರೆ ಬಾಡಿಗೆದಾರರು ವರ್ಷಕ್ಕೊಮ್ಮೆ, ಮಾರ್ಚ್ ಬಾಡಿಗೆಯಲ್ಲಿ ಇಲ್ಲವೇ ಮನೆ ಬಿಡುವ ತಿಂಗಳಲ್ಲಿ, 2 ಶೇಕಡಾ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದು ಫಾರ್ಮ್ 26ಕ್ಯೂಸಿಯಲ್ಲಿ ಕಟ್ಟಬೇಕು. ನೀವು ಮಾಲೀಕರಾದರೆ ಪ್ಯಾನ್ ಸಂಖ್ಯೆ ಮೊದಲೇ ಕೊಟ್ಟಿಡಿ. ಪ್ಯಾನ್ ಇಲ್ಲದಿದ್ದರೆ ದರ 20 ಶೇಕಡಾ.

ಮಹಾರಾಷ್ಟ್ರದಲ್ಲಿ ‘11 ತಿಂಗಳ ಕರಾರಿಗೆ ನೋಂದಣಿ ಬೇಡ’ ಎಂಬ ಮಾತು ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಲೀವ್ ಆ್ಯಂಡ್ ಲೈಸೆನ್ಸ್ ಕರಾರು, ಅಂದರೆ ಇಲ್ಲಿ ರೂಢಿಯಲ್ಲಿರುವ ಬಾಡಿಗೆ ಕರಾರು, ಎಷ್ಟೇ ತಿಂಗಳದ್ದಿರಲಿ ನೋಂದಣಿ ಆಗಲೇಬೇಕು, ಮಾಡಿಸುವ ಹೊಣೆ ಮಾಲೀಕರದ್ದು. ಇನ್ನು ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿ ವಸೂಲು ಮಾಡುವ ನಾನ್-ಆಕ್ಯುಪೆನ್ಸಿ ಶುಲ್ಕ ಸೇವಾಶುಲ್ಕದ 10 ಶೇಕಡಾ ಮೀರುವಂತಿಲ್ಲ. ಮೇಂಟೆನನ್ಸ್ ಬಿಲ್ಲಿನ ಆ ಒಂದು ಸಾಲು ಓದುವವರು ಕಡಿಮೆ.

ಘರಪಟ್ಟಿ: ವಾಸದ ಮನೆಯವರಿಗೆ

ಸ್ವಂತ ವಾಸದ ಮನೆಗೆ ಘರಪಟ್ಟಿಯಿಂದ ಆದಾಯ ತೆರಿಗೆಯಲ್ಲಿ ಏನೂ ಕಡಿಮೆಯಾಗದು. ಆದರೂ ಬಾಕಿ ಇಡಬೇಡಿ, ದಂಡ ತಿಂಗಳಿಗೆ 2 ಶೇಕಡಾ. ಪುಣೆ ಪಾಲಿಕೆಯಲ್ಲಿ ಸ್ವಂತ ವಾಸದ ಮನೆಗೆ 40 ಶೇಕಡಾ ರಿಯಾಯಿತಿ ಇದೆ. ಹೊಸದಾಗಿ ಕೊಂಡವರಿಗೆ ಅದು ತಾನಾಗಿ ಬರುವುದಿಲ್ಲ, ವಾಸದ ಪುರಾವೆಯೊಂದಿಗೆ ಪಿಟಿ-3 ಅರ್ಜಿ ಕೊಡಬೇಕು. ಸೋಲಾರ್, ಮಳೆನೀರು ಕೊಯ್ಲು, ಎರೆಗೊಬ್ಬರ ಘಟಕ ಇದ್ದವರಿಗೆ ಸಾಮಾನ್ಯ ಕರದಲ್ಲಿ 5ರಿಂದ 10 ಶೇಕಡಾ ಸೋಡಿಯೂ ಉಂಟು, ಘಟಕ ಓಡುತ್ತಿರಬೇಕು ಅಷ್ಟೇ.

ಮನೆ ಕೊಳ್ಳುವ ಮಾತು ಮುಗಿಸಿದವರಿಗೆ ಒಂದು ಸೂಚನೆ. ರೆಡಿ ರೆಕನರ್ ದರ (ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಹಿಡಿಯುವ ಆಸ್ತಿ ಬೆಲೆ) ಪರಿಷ್ಕರಣೆಯಾದರೆ ಜಾರಿಯಾಗುವುದು ಏಪ್ರಿಲ್ 1ಕ್ಕೆ. ಮಾರ್ಚ್ 31ರೊಳಗೆ ಮುದ್ರಾಂಕ ಶುಲ್ಕ ಕಟ್ಟಿ ಕರಾರಿಗೆ ಸಹಿ ಹಾಕಿದ್ದರೆ ನೋಂದಣಿಗೆ ಅಲ್ಲಿಂದ ನಾಲ್ಕು ತಿಂಗಳ ಅವಕಾಶವಿದೆ. ಕೊನೆಯ ವಾರ ಉಪನೋಂದಣಿ ಕಚೇರಿಯ ಮುಂದೆ ದಿನಗಟ್ಟಲೆ ನಿಲ್ಲಬೇಕಾಗಿಲ್ಲ.

ಮಾಳಿಗೆಯ ಸೋಲಾರ್: ಎಷ್ಟು, ಯಾವಾಗ

ಏಜೆಂಟರ ಕೋಟೇಶನ್ನಿಗಿಂತ ಮೊದಲು ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲು ಕೈಗೆತ್ತಿಕೊಳ್ಳಿ. ಹನ್ನೆರಡು ತಿಂಗಳ ಯೂನಿಟ್ ಕೂಡಿಸಿ 1,400ರಿಂದ ಭಾಗಿಸಿ. ಪುಣೆಯ ಬಿಸಿಲಿಗೆ 1 ಕಿಲೋವ್ಯಾಟ್ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟು ಯೂನಿಟ್ ಕೊಡುತ್ತದೆ, ದಿನಕ್ಕೆ ಸರಾಸರಿ ನಾಲ್ಕು. ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ 3,600 ಭಾಗಿಸು 1,400, ಅಂದರೆ ಎರಡೂವರೆ ಚಿಲ್ಲರೆ; 3 ಕಿಲೋವ್ಯಾಟ್ ಸಾಕು. ಜಾಗ ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ, ಅದೂ ನೆರಳಿಲ್ಲದ್ದು.

ಇದಕ್ಕಿಂತ ದೊಡ್ಡದು ಹಾಕಿಸಿ ‘ಹೆಚ್ಚಾದ ಕರೆಂಟ್ ಮಾರಬಹುದು’ ಎನ್ನುವವರಿಗೆ ಕಿವಿಗೊಡಬೇಡಿ. ಒಳಬಂದ, ಹೊರಹೋದ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್‌ನಲ್ಲಿ ಹಗಲು ಹೊರಹೋದ ಯೂನಿಟ್ ಜಮಾ ಆಗಿ ಮುಂದಿನ ತಿಂಗಳಿಗೆ ಸಾಗುತ್ತದೆ, ಆದರೆ ಆರ್ಥಿಕ ವರ್ಷದ ಕೊನೆಯವರೆಗೆ ಮಾತ್ರ. ಮಾರ್ಚ್ 31ಕ್ಕೆ ಉಳಿದದ್ದನ್ನು ವಿದ್ಯುತ್ ಕಂಪನಿ ಕೊಳ್ಳುವ ದರ, ನೀವು ಕೊಡುವ ದರಕ್ಕಿಂತ ಬಹಳ ಕಡಿಮೆ. ಹೀಗಾಗಿ ಮೀಟರ್ ಕೂಡಿಸುವ ತಿಂಗಳೂ ಮುಖ್ಯ. ಜನವರಿಯಲ್ಲಿ ಶುರುವಾದರೆ ಫ್ಯಾನ್ ತಿರುಗದ ದಿನಗಳ ಜಮಾ ಮಾರ್ಚ್‌ಗೆ ಅಗ್ಗಕ್ಕೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಶುರುವಾದರೆ ಬೇಸಿಗೆಯ ಜಮಾ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ದಿನಗಳನ್ನು ದಾಟಿಸುತ್ತದೆ. ‘ಮಾರ್ಚ್ ಒಳಗೆ’ ಎಂಬ ಅವಸರಕ್ಕೆ ಸರಿಯಾದ ಉತ್ತರ ಇದೇ: ಅರ್ಜಿ ಮಾರ್ಚ್‌ನಲ್ಲಿ, ಮೀಟರ್ ಏಪ್ರಿಲ್‌ನಲ್ಲಿ.

ಮನೆ ಮಾಳಿಗೆಯ ಸೋಲಾರ್‌ಗೆ ಕೇಂದ್ರ ಸರ್ಕಾರದ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ 2026-27ರವರೆಗೆ ಇದೆ. ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000, ಅದಕ್ಕಿಂತ ಮೇಲಿಲ್ಲ. ಲೆಕ್ಕ ಹಿಡಿಯುವುದು ಪ್ಯಾನೆಲ್ ಮತ್ತು ಇನ್ವರ್ಟರ್‌ಗಳಲ್ಲಿ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿಸುವ ಪೆಟ್ಟಿಗೆ) ಯಾವುದರ ಸಾಮರ್ಥ್ಯ ಕಡಿಮೆಯೋ ಅದಕ್ಕೆ. 3 ಕಿಲೋವ್ಯಾಟ್ ಇನ್ವರ್ಟರ್‌ಗೆ 540 ವ್ಯಾಟ್‌ನ ಐದೇ ಪ್ಯಾನೆಲ್ ಹಾಕಿದರೆ 2.7 ಆಗಿ ಸಬ್ಸಿಡಿ 72,600ಕ್ಕೆ ಇಳಿಯುತ್ತದೆ. ಆರು ಹಾಕಿದರೆ ಪೂರ್ತಿ. ಸೆಲ್ ಮತ್ತು ಪ್ಯಾನೆಲ್ ಎರಡೂ ಭಾರತದಲ್ಲೇ ತಯಾರಾದವಿರಬೇಕು, ಕೋಟೇಶನ್ನಿನಲ್ಲಿ ‘ಡಿಸಿಆರ್’ ಎಂದು ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಕೂಡಿಸಿಕೊಡುವ ಗುತ್ತಿಗೆಯಲ್ಲಿ 70 ಭಾಗ ಸಾಮಗ್ರಿ, 30 ಭಾಗ ಸೇವೆ ಎಂದು ಹಿಡಿದು ಒಟ್ಟು 8.9 ಶೇಕಡಾ ಬೀಳುತ್ತದೆ. ಕಾಗದದಲ್ಲಿ 13.8 ಎಂದಿದ್ದರೆ ಅದು ಹಳೆಯ ದರ.

ಹೆಜ್ಜೆಗಳು ಕಷ್ಟದವಲ್ಲ. ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಲೈಟ್ ಬಿಲ್ಲಿನ ಗ್ರಾಹಕ ಸಂಖ್ಯೆ ಹಾಕಿ ನೋಂದಣಿ, ಅರ್ಜಿ, ಪಟ್ಟಿಯಲ್ಲಿರುವ ಗುತ್ತಿಗೆದಾರರ ಆಯ್ಕೆ, ಜೋಡಣೆ, ನೆಟ್ ಮೀಟರ್, ತಪಾಸಣೆ, ಆಮೇಲೆ ಬ್ಯಾಂಕ್ ವಿವರ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಅರ್ಜಿ ಒಪ್ಪಿಗೆ ಆದಂತೆ ಎಂದು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ 2024ರ ತಿದ್ದುಪಡಿ ಹೇಳುತ್ತದೆ. ಕಡತ ಸಿಕ್ಕಿಬೀಳುವುದು ಹೆಸರಿನಲ್ಲಿ. ನಮ್ಮ ಕನ್ನಡದವರ ಲೈಟ್ ಬಿಲ್ಲಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮೊದಲು. ಕೆಲವೊಮ್ಮೆ ಬಿಲ್ಲು ಇನ್ನೂ ತೀರಿಹೋದ ತಂದೆಯವರ ಅಥವಾ ಮನೆ ಮಾರಿದವರ ಹೆಸರಿನಲ್ಲಿ. ಅರ್ಜಿಗೆ ಮುಂಚೆಯೇ ಇಂಡೆಕ್ಸ್-2 ಪ್ರತಿ ಕೊಟ್ಟು ಬಿಲ್ಲಿನ ಹೆಸರು ಬದಲಿಸಿಕೊಳ್ಳಿ.

ಫ್ಲ್ಯಾಟಿನವರಿಗೆ ಟೆರೇಸ್ ಒಬ್ಬರ ಸ್ವತ್ತಲ್ಲ, ಸೊಸೈಟಿಯ ಒಪ್ಪಿಗೆ ಬೇಕು. ಸೊಸೈಟಿಯೇ ಲಿಫ್ಟ್, ಪಂಪ್, ಮೆಟ್ಟಿಲ ದೀಪಕ್ಕೆಂದು ಹಾಕಿಸುವುದು ಜಾಣತನ. ಅದಕ್ಕೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ, 500 ಕಿಲೋವ್ಯಾಟ್‌ವರೆಗೆ.

ಜೋಡಣೆಯಲ್ಲಿ ಕೆಡುವುದು

ಪುಣೆಯ ಹಳೆಯ ಮಾಳಿಗೆಗಳ ಮೇಲೆ ಬ್ರಿಕ್‌ಬ್ಯಾಟ್ ಕೋಬಾ ಇರುತ್ತದೆ: ಸ್ಲ್ಯಾಬಿನ ಮೇಲೆ ಇಟ್ಟಿಗೆಚೂರು, ಅದರ ಮೇಲೆ ಸಿಮೆಂಟ್. ಇದಕ್ಕೆ ಬೋಲ್ಟ್ ಹೊಡೆದರೆ ಅದು ಇಟ್ಟಿಗೆಚೂರಿನಲ್ಲೇ ನಿಂತು ಗಾಳಿಗೆ ಕಿತ್ತುಬರುತ್ತದೆ. ಸ್ಲ್ಯಾಬಿನವರೆಗೆ ಕೊರೆದರೆ ಜುಲೈನಲ್ಲಿ ಛಾವಣಿ ಸೋರುತ್ತದೆ. ಕೊರೆಯದೆ, ಭಾರದ ಕಾಂಕ್ರೀಟ್ ಬ್ಲಾಕ್ ಮೇಲೆ ಚೌಕಟ್ಟಿನ ಕಾಲು ನಿಲ್ಲಿಸಲು ಹೇಳಿ. ವಾಟರ್‌ಪ್ರೂಫಿಂಗ್ ಮಾಡಿಸುವುದಿದ್ದರೆ ಸೋಲಾರ್‌ಗಿಂತ ಮುಂಚೆ ಮುಗಿಸಿ. ಗಾಳಿಯ ವಿನ್ಯಾಸವೇಗ, ಅಂದರೆ ಚೌಕಟ್ಟು ತಡೆಯಬೇಕಾದ ಗಾಳಿಯ ವೇಗ, ಪುಣೆಗೆ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. ಮುಂಬೈಯಲ್ಲಿ ಮನೆ ಇದ್ದವರು ಪುಣೆಯ ಚೌಕಟ್ಟಿನ ನಕ್ಷೆಯನ್ನೇ ಅಲ್ಲಿ ಬಳಸಗೊಡಬೇಡಿ. ಕರಾವಳಿಯ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ತಡೆಯದು, ಬಿಸಿ ಸತುವಿನಲ್ಲಿ ಅದ್ದಿದ ಚೌಕಟ್ಟೇ ಬೇಕು.

ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ 15ರಿಂದ 20 ಡಿಗ್ರಿ ಓರೆ. ನೆರಳು ನೋಡಲು ಒಳ್ಳೆಯ ಕಾಲ ಡಿಸೆಂಬರ್, ಬೆಳಗ್ಗೆ 9ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ. ಆಗ ಸೂರ್ಯ ಕೆಳಗಿರುವುದರಿಂದ ನೀರಿನ ಟಾಕಿಯ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂದು ತಿಳಿಯುತ್ತದೆ. ಪ್ಯಾನೆಲ್‌ಗಳು ಸಾಲಾಗಿ ಜೋಡಿಸಿರುವ ಕಾರಣ ಒಂದರ ಮೇಲಿನ ನೆರಳು ಇಡೀ ಸಾಲನ್ನು ಎಳೆಯುತ್ತದೆ. ಅರ್ಥಿಂಗ್ ಗುಂಡಿ ಮೂರು ಬೇಕು: ಡಿಸಿಗೆ, ಎಸಿಗೆ, ಸಿಡಿಲುತಡೆಗೆ. ಮೂರನ್ನೂ ಒಂದಕ್ಕೇ ಕಟ್ಟಿ ಎರಡರ ಹಣ ಉಳಿಸುವ ಅಭ್ಯಾಸವಿದೆ, ಗುಂಡಿ ತೋಡುವ ದಿನ ಎದುರಿಗೇ ನಿಲ್ಲಿ.

ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದೆಂದು ಇನ್ವರ್ಟರ್ ಹಾಗೆ ಮಾಡುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ. ಪ್ಯಾನೆಲ್ ತೊಳೆಯುವುದು ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬೋರ್‌ವೆಲ್ಲಿನ ಗಡಸು ನೀರು ಬಿಳಿ ಪದರ ಬಿಡುತ್ತದೆ, ತೊಳೆದ ಮೇಲೆ ರಬ್ಬರ್ ಪಟ್ಟಿಯಿಂದ ಎಳೆಯಿರಿ.

ಈಗಾಗಲೇ ಸೋಲಾರ್ ಇದ್ದವರು ಫೆಬ್ರವರಿ ಬಿಲ್ಲಿನಲ್ಲೇ ಜಮಾ ಯೂನಿಟ್ ನೋಡಿ. 200-300 ಉಳಿದಿದ್ದರೆ ಮಾರ್ಚ್ ತಿಂಗಳು ಗ್ಯಾಸ್ ಆರಿಸಿ ಇಂಡಕ್ಷನ್ ಮೇಲೆ ಸಾರು ಕುದಿಸಿ, ನೀರು ಕಾಯಿಸಿ. ಏಪ್ರಿಲ್ ಬಿಲ್ಲು ಬಂದಾಗ, ಉಳಿದ ಯೂನಿಟ್‌ನ ಹಣ ಅದರಲ್ಲಿ ಜಮಾ ಆಗಿದೆಯೇ ನೋಡಿ; ಇಲ್ಲದಿದ್ದರೆ ಮಾರ್ಚ್ ಬಿಲ್ಲಿನ ಪ್ರತಿ ಲಗತ್ತಿಸಿ ಉಪವಿಭಾಗ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.